ಒಂದೇ ಹಗ್ಗಕ್ಕೆ ಎಷ್ಟು ಜನ? ಆಲ್ಪ್ಸ್‌ನಲ್ಲಿ ಗೈಡ್ ಗೊತ್ತುಮಾಡುವ ಮುನ್ನ

ಪ್ರಶ್ನೆ: ನಾನು ಶಿವಮೊಗ್ಗದವನು, ಐದು ವರ್ಷದಿಂದ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದೇನೆ. ಕುಮಾರಪರ್ವತ, ಕುದುರೆಮುಖ ಹಲವು ಸಲ ಹತ್ತಿದ್ದೇನೆ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮುಗಿಸಿ ಆರು ವರ್ಷವಾಯಿತು. ಬರುವ ಜುಲೈಯಲ್ಲಿ ಹೆಂಡತಿ ಮತ್ತು ಒಬ್ಬ ಗೆಳೆಯನ ಜೊತೆ ಸ್ವಿಟ್ಜರ್ಲೆಂಡ್-ಇಟಲಿ ಗಡಿಯ ಮಾಂಟೆ ರೋಸಾದಲ್ಲಿ ‘ಸ್ಪಗೆಟ್ಟಿ ಟೂರ್’ ಮಾಡಬೇಕೆಂದಿದ್ದೇವೆ. ಐದು ದಿನಕ್ಕೆ ಹತ್ತು ಶಿಖರ ಎನ್ನುತ್ತಾರೆ. ಒಂದು ಕಡೆ ಐವರಿಗೆ ಒಬ್ಬ ಗೈಡ್. ಇನ್ನೊಂದು ಕಡೆ ನಮ್ಮ ಮೂವರಿಗೇ ಒಬ್ಬರು, ಆದರೆ ತಲೆಗೆ ಒಂದೂವರೆ ಪಟ್ಟು ಖರ್ಚು. ಯಾವುದು ಒಳ್ಳೆಯದು? ಗೈಡ್ ಸರಿಯಾದವರೇ ಎಂದು ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಬಗ್ಗೆ ಬರೆದಿದ್ದೀರಿ. ನಿಮ್ಮ ಹೆಂಡತಿ, ಗೆಳೆಯ ಕ್ರ್ಯಾಂಪನ್ (ಬೂಟಿನಡಿಗೆ ಕಟ್ಟುವ ಲೋಹದ ಮುಳ್ಳು) ಕಟ್ಟಿಕೊಂಡು ಹಿಮದ ಮೇಲೆ ನಡೆದಿದ್ದಾರೋ ಇಲ್ಲವೋ ಬರೆದಿಲ್ಲ. ನಾನು ಮೊದಲು ಕೇಳುವುದೇ ಅದನ್ನು. ಒಂದೇ ಹಗ್ಗದಲ್ಲಿ ಹೋಗುವಾಗ ಎಲ್ಲರಿಗಿಂತ ಕಡಿಮೆ ಅನುಭವ ಇರುವವರು ಎಷ್ಟು ನಡೆಯಬಲ್ಲರೋ ಅಷ್ಟೇ ಇಡೀ ತಂಡದ ನಡಿಗೆ. ಅವರಿಬ್ಬರಿಗೂ ಇದು ಹೊಸದಾದರೆ ಜೂನ್‌ನಲ್ಲೇ ಎರಡು ದಿನದ ಹಿಮನದಿ ತರಬೇತಿ ಮಾಡಿಸಿ. ಆಸ್ಟ್ರಿಯಾದ ಸ್ಟುಬಾಯ್ ಕಣಿವೆ ನಿಮ್ಮಿಂದ ಕೆಲವೇ ಗಂಟೆಯ ದಾರಿ. ನೀವೂ ಜೊತೆಗೆ ಹೋಗಿ, ಆರು ವರ್ಷದಲ್ಲಿ ಕೈ ಗಂಟುಗಳನ್ನು ಮರೆತಿರುತ್ತದೆ.

ಈಗ ಐವರೋ ಮೂವರೋ ಎಂಬ ವಿಷಯ. ಮೊದಲ ದಿನದ ಬ್ರೈಟ್‌ಹಾರ್ನ್ ಸುಮಾರು 4,160 ಮೀಟರ್ ಇದ್ದರೂ ರೂಢಿಯ ದಾರಿ ಅಗಲವಾದ ಹಿಮದ ಇಳಿಜಾರು. ಅಲ್ಲಿ ಹಗ್ಗದಲ್ಲಿ ಐವರಿದ್ದರೂ ತೊಂದರೆಯಿಲ್ಲ. ಹಿಮನದಿಯ ಬಿರುಕಿಗೆ ಒಬ್ಬರು ಕುಸಿದರೆ ಹಿಡಿದು ನಿಲ್ಲಿಸಲು ಹೆಚ್ಚು ಜನ ಇರುವುದೇ ಒಳ್ಳೆಯದು. ಆದರೆ 4,223 ಮೀಟರಿನ ಕಾಸ್ಟರ್ ಶಿಖರ ಹಾಗಲ್ಲ. ಕಡಿದಾದ ಹಿಮದ ಗೋಡೆ ಹತ್ತಿ ಮೇಲೆ ಬಂದರೆ ಎರಡೂ ಕಡೆ ಇಳಿಜಾರಿರುವ ಕಿರಿದಾದ ಏಣು. ಇಂಥ ಕಡೆ ಗೈಡ್ ಹಗ್ಗವನ್ನು ಗಿಡ್ಡ ಮಾಡಿ, ಉಳಿದದ್ದನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದು ನಡೆಯುತ್ತಾರೆ. ನಿಮ್ಮ ಕಾಲು ಜಾರಿದ ಕ್ಷಣವೇ ಅವರ ಮುಷ್ಟಿಗೆ ಗೊತ್ತಾಗಬೇಕು. ಜಾರಿದ್ದು ಬೀಳುವಿಕೆಯಾಗುವ ಮೊದಲೇ ಎಳೆದು ನಿಲ್ಲಿಸಬೇಕು. ಹಿಂದೆ ಇರುವವರು ಕಡಿಮೆಯಾದಷ್ಟೂ ಇದು ಸುಲಭ. ಐವರಿದ್ದರೆ ಕೊನೆಯವರು ಜಾರಿದ್ದು ಗೈಡ್‌ಗೆ ತಿಳಿಯುವಷ್ಟರಲ್ಲಿ ಇನ್ನೊಬ್ಬರೂ ಕಾಲು ತಪ್ಪಿರುತ್ತಾರೆ.

ಹಾಗಾಗಿ ನನ್ನ ಮಾತು ಮೂವರಿಗೊಬ್ಬರು ಎಂಬ ಕಡೆಗೇ. ಜೊತೆಗೆ ಒಂದು ಷರತ್ತು: ಲಿಸ್ಕಾಮ್ ಶಿಖರದ ಏಣನ್ನು ದಾಟುವ ಆಸೆ ಈ ಸಲ ಬೇಡ. ಸುಮಾರು 4,500 ಮೀಟರ್ ಎತ್ತರದ ಆ ಏಣಿನ ಮೇಲೆ ಗಾಳಿ ಕಟ್ಟಿದ ಹಿಮದ ಚಾಚುಗಳು ಸೂರಿನ ಹಾಗೆ ಹೊರಗೆ ಬಾಗಿರುತ್ತವೆ, ಕೆಳಗೆ ಏನೂ ಇರುವುದಿಲ್ಲ. 1877ರಲ್ಲಿ ಅಂಥ ಚಾಚು ಮುರಿದು ಒಂದೇ ಹಗ್ಗದ ಐವರು ಸತ್ತರು, ಅವರಲ್ಲಿ ಮೂವರು ಗೈಡ್‌ಗಳೇ. ಅಲ್ಲಿಗೆ ಒಬ್ಬ ಗೈಡ್, ಒಬ್ಬ ಆರೋಹಿ, ಅದಕ್ಕಿಂತ ಹೆಚ್ಚು ಜನ ಸಲ್ಲದು. ಪಕ್ಕದಲ್ಲೇ ‘ನಾಸೊ’ ಎಂಬ ಮೂಗಿನಂಥ ಭುಜ ದಾಟಿ ಆರೋಹಿಗಳು ರಾತ್ರಿ ತಂಗುವ ಕ್ವಿಂಟಿನೊ ಸೆಲ್ಲಾ ಹಟ್‌ನಿಂದ ನಿಫೆಟ್ಟಿ ಹಟ್‌ಗೆ ಹೋಗುವ ದಾರಿಯಿದೆ. ಮೂವರಿದ್ದಾಗ ಅದೇ ಸರಿ.

ಗೈಡ್ ಸರಿಯಾದವರೇ ಎಂದು ನೋಡುವುದು ಅಷ್ಟು ಕಷ್ಟವಲ್ಲ. ಎದೆಯ ಮೇಲೆ ಐಎಫ್‌ಎಂಜಿಎ, ಅಂದರೆ ಪರ್ವತ ಗೈಡ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ ಬ್ಯಾಡ್ಜ್ ಇರುತ್ತದೆ. ಜರ್ಮನ್ನರು ಐವಿಬಿವಿ ಎನ್ನುತ್ತಾರೆ, ಫ್ರೆಂಚರು ಯುಐಎಜಿಎಂ ಎನ್ನುತ್ತಾರೆ, ಮೂರೂ ಒಂದೇ. 1965ರಲ್ಲಿ ಹುಟ್ಟಿದ ಈ ಒಕ್ಕೂಟದ ಮಾನ್ಯತೆ ಪಡೆಯಲು ಬಂಡೆ, ಮಂಜುಗಡ್ಡೆ, ಸ್ಕೀ ಮೂರರಲ್ಲೂ ವರ್ಷಗಟ್ಟಲೆ ತರಬೇತಿ ಬೇಕು. ಬ್ಯಾಡ್ಜ್ ನೋಡಿ ಸುಮ್ಮನಾಗದೆ, ಆ ವರ್ಷಕ್ಕೆ ಮಾನ್ಯವಾದ ಗುರುತಿನ ಕಾರ್ಡ್ ತೋರಿಸಲು ಹೇಳಿ. ನಿಜವಾದ ಗೈಡ್ ಬೇಸರ ಮಾಡಿಕೊಳ್ಳುವುದಿಲ್ಲ. ನೀವು ಜರ್ಮನಿಯಲ್ಲಿರುವುದರಿಂದ ಇನ್ನೊಂದು ಎಚ್ಚರಿಕೆ: ‘ಬೆರ್ಗ್‌ಫ್ಯೂರರ್’ (ಪರ್ವತ ಗೈಡ್) ಬೇರೆ, ‘ಬೆರ್ಗ್‌ವಾಂಡರ್‌ಫ್ಯೂರರ್’ ಬೇರೆ. ಎರಡನೆಯವರು ಚಾರಣದ ಮಾರ್ಗದರ್ಶಕರು, ಒಳ್ಳೆಯ ತರಬೇತಿ ಪಡೆದವರೇ, ಆದರೆ ಹಿಮನದಿಯ ಮೇಲೆ ಹಗ್ಗ ಕಟ್ಟಿ ಕರೆದೊಯ್ಯುವುದು ಅವರ ಕೆಲಸವಲ್ಲ. ಜಾಹೀರಾತಿನಲ್ಲಿ ಬರೀ ‘ಅನುಭವಿ ಗೈಡ್’ ಎಂದಿದ್ದರೆ ಯಾವ ಗೈಡ್, ಹೆಸರೇನು ಎಂದು ಬರವಣಿಗೆಯಲ್ಲಿ ಕೇಳಿ. ಹೆಸರು ಹೇಳಲು ಹಿಂಜರಿದರೆ ಮುಂಗಡ ಕಳಿಸಬೇಡಿ.

ಖರ್ಚಿನ ಅಂದಾಜಿಗೆ: ಸ್ವಿಸ್ ಗೈಡ್‌ನ ದಿನದ ಶುಲ್ಕ ಸುಮಾರು 600ರಿಂದ 800 ಫ್ರಾಂಕ್. ಅವರ ಕೇಬಲ್ ಕಾರ್ ಟಿಕೆಟ್, ಹಟ್‌ನಲ್ಲಿ ಊಟ-ವಸತಿ ಸಾಮಾನ್ಯವಾಗಿ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಇದೆಲ್ಲ ಸೇರಿದೆಯೇ ಎಂದು ಮೊದಲೇ ಕೇಳಿದರೆ ಕೊನೆಯ ದಿನ ಮನಸ್ತಾಪವಿಲ್ಲ.

ಹತ್ತು ಶಿಖರದ ಲೆಕ್ಕವನ್ನು ದಯವಿಟ್ಟು ಬಿಡಿ. ಆ ಹತ್ತರಲ್ಲಿ ಬಹುಪಾಲು ಕೊನೆಯ ಎರಡು ದಿನದಲ್ಲಿ, ನಿಫೆಟ್ಟಿಯಿಂದ ಮಾರ್ಗರೀಟಾ ಹಟ್‌ಗೆ ಹೋಗುವ ದಾರಿಯ ಆಚೀಚೆ ಇವೆ: ವಿನ್ಸೆಂಟ್ ಪಿರಮಿಡ್, ಲುಡ್‌ವಿಗ್‌ಷೋಹೆ, ಪ್ಯಾರಟ್, ಜುಮ್‌ಸ್ಟೈನ್ ಹೀಗೆ. ಹವೆ ಚೆನ್ನಾಗಿದ್ದರೆ ತಾವಾಗಿಯೇ ಸೇರಿಕೊಳ್ಳುತ್ತವೆ. ಇಲ್ಲದ ದಿನ ‘ಹತ್ತು ಎಂದಿದ್ದಿರಲ್ಲ’ ಎಂದು ನೀವು ಮುಖ ಸಣ್ಣ ಮಾಡಿದರೆ ಗೈಡ್ ಮೇಲೆ ಒತ್ತಡ ಬೀಳುತ್ತದೆ. 2022ರ ಜುಲೈ 25ರಂದು ಸ್ವಿಟ್ಜರ್ಲೆಂಡಿನ ಮೇಲೆ ಶೂನ್ಯ ಡಿಗ್ರಿಯ ಮಟ್ಟ 5,184 ಮೀಟರಿಗೆ ಏರಿತ್ತು. ಅಂದರೆ ಆಲ್ಪ್ಸ್‌ನ ಅತಿ ಎತ್ತರದ ಶಿಖರಕ್ಕಿಂತಲೂ ಮೇಲೆ ಹೋದರಷ್ಟೇ ಗಾಳಿ ಶೂನ್ಯ ಡಿಗ್ರಿಗೆ ಇಳಿಯುತ್ತಿತ್ತು. ಆ ಬೇಸಿಗೆಯಲ್ಲಿ ಮ್ಯಾಟರ್‌ಹಾರ್ನ್‌ನ ರೂಢಿಯ ದಾರಿಗೂ ಗೈಡ್‌ಗಳು ಜನರನ್ನು ಕರೆದೊಯ್ಯುವುದನ್ನು ನಿಲ್ಲಿಸಿದರು, ತಮ್ಮ ಸಂಪಾದನೆಯ ಕಾಲದಲ್ಲೇ. ನೀವು ದುಡ್ಡು ಕೊಡುವುದು ಇಂಥ ವಿವೇಕಕ್ಕೆ. ಅದಕ್ಕೆ ಜಾಗ ಇರಬೇಕೆಂದರೆ ಐದು ದಿನದ ಬದಲು ಆರು ದಿನ ಇಟ್ಟುಕೊಳ್ಳಿ, ವಾಪಸ್ ರೈಲಿನ ಟಿಕೆಟ್ ಬದಲಿಸಬಹುದಾದದ್ದನ್ನೇ ಕೊಳ್ಳಿ. ಹಿಂತಿರುಗಿದರೆ ಶುಲ್ಕ ಹೇಗೆ, ಹವೆ ಕೆಟ್ಟರೆ ಬದಲಿ ಶಿಖರ ಯಾವುದು ಎಂದು ಹಣ ಕಟ್ಟುವ ಮೊದಲೇ ಮಾತಾಡಿ. ಈ ಪ್ರಶ್ನೆಗೆ ಗೈಡ್ ಕೊಡುವ ಉತ್ತರದಲ್ಲೇ ಅವರು ಎಂಥವರು ಎಂದು ಅರ್ಧ ತಿಳಿಯುತ್ತದೆ.

ಎತ್ತರವನ್ನೂ ಹಗುರವಾಗಿ ಕಾಣಬೇಡಿ. ಮ್ಯೂನಿಕ್ ಇರುವುದು ಸುಮಾರು 520 ಮೀಟರಿನಲ್ಲಿ. ಜೆರ್ಮಾಟ್‌ನಿಂದ ಕೇಬಲ್ ಕಾರ್ ನಿಮ್ಮನ್ನು ಒಂದು ಗಂಟೆಯೊಳಗೆ 3,883 ಮೀಟರಿಗೆ ಎತ್ತಿ ಬಿಡುತ್ತದೆ. 1893ರಲ್ಲಿ ಶುರುವಾದ ಮಾರ್ಗರೀಟಾ ಹಟ್ 4,554 ಮೀಟರಿನಲ್ಲಿದೆ, ಯೂರೋಪಿನಲ್ಲೇ ಅತಿ ಎತ್ತರದ್ದು. ಎತ್ತರದ ಕಾಯಿಲೆಯ ಸಂಶೋಧನೆ ಅಲ್ಲೇ ನಡೆಯುತ್ತಾ ಬಂದಿದೆ ಎಂದರೆ ಅಲ್ಲಿ ರಾತ್ರಿ ಹೇಗಿರುತ್ತದೆಂದು ಊಹಿಸಿ. ಹೊರಡುವ ಮುನ್ನ ಎರಡು ರಾತ್ರಿಯಾದರೂ ಮೂರು ಸಾವಿರ ಮೀಟರಿನ ಆಸುಪಾಸಿನ ಯಾವುದಾದರೂ ಹಟ್‌ನಲ್ಲಿ ಮಲಗಿ. ತಲೆನೋವು ಬಂದರೆ ಗೈಡ್‌ನಿಂದ ಮುಚ್ಚಿಡಬೇಡಿ. ನಮ್ಮವರು ಸಂಕೋಚಕ್ಕೆ ಸುಮ್ಮನಿರುವುದನ್ನು ನಾನು ಹಲವು ಸಲ ನೋಡಿದ್ದೇನೆ, ಪ್ರತಿ ಸಲವೂ ಭಯವಾಗಿದೆ.

ಗೈಡ್ ಎಂಥವರೆಂದು ನನಗೆ ಪೂರ್ತಿ ಗೊತ್ತಾಗುವುದು ಹಟ್‌ನ ಬಾಗಿಲಲ್ಲಿ, ಬೆಳಗಿನ ಜಾವ ನಾಲ್ಕೂವರೆಗೆ. ಒಂದು ವರ್ಷ ಹಾಗೆ ಹೊರಟು ನಿಂತಿದ್ದೆ. ಗೈಡ್ ಏನೂ ಮಾತಾಡದೆ ನನ್ನ ಮುಂದೆ ಮಂಡಿಯೂರಿ, ತಲೆದೀಪದ ಬೆಳಕಿನಲ್ಲಿ ಕ್ರ್ಯಾಂಪನ್ ಪಟ್ಟಿಯ ತುದಿ ಹಿಡಿದರು. ನಾಲ್ಕು ಬೆರಳಿನಷ್ಟು ಪಟ್ಟಿ ಹೊರಗೆ ನೇತಾಡುತ್ತಿತ್ತು. ಇನ್ನೊಂದು ಕಾಲಿನ ಮುಳ್ಳು ಅದಕ್ಕೆ ಸಿಕ್ಕಿಕೊಂಡರೆ ಮುಗಿಯಿತು. ಅದನ್ನು ಒಳಗೆ ಸಿಕ್ಕಿಸಿ, ಹಾರ್ನೆಸ್‌ನ (ಹಗ್ಗ ಕಟ್ಟುವ ಸೊಂಟಪಟ್ಟಿಯ) ಗಂಟನ್ನು ಒಮ್ಮೆ ಜಗ್ಗಿ ನೋಡಿ, ಆಮೇಲೆ ಎದ್ದು ನಡೆದರು. ಇಪ್ಪತ್ತು ವರ್ಷ ಹತ್ತಿದವರಿಗೂ, ಮೊದಲ ಸಲ ಬಂದವರಿಗೂ ಹೀಗೆ ನೋಡುವವರು ಸಿಕ್ಕರೆ ನೆಮ್ಮದಿಯಿಂದ ಹಿಂದೆ ನಡೆಯಿರಿ. ಮೊದಲ ಬೆಳಗ್ಗೆ ಯಾರೂ ನಿಮ್ಮ ಗಂಟು ಮುಟ್ಟಿ ನೋಡದಿದ್ದರೆ, ನೋಡಿ ಎಂದು ನೀವೇ ಕೇಳಿ.

ಪ್ರಶ್ನೆ: ಬೆಂಗಳೂರಿನಿಂದ ಹೋಗುತ್ತಿದ್ದೇನೆ. ಷೆಂಗೆನ್ ವೀಸಾಕ್ಕೆಂದು ಮಾಡಿಸಿದ ಟ್ರಾವೆಲ್ ಇನ್ಶೂರೆನ್ಸ್ ಪರ್ವತಾರೋಹಣಕ್ಕೂ ಸಾಕೇ?

ಉತ್ತರ: ಸಾಮಾನ್ಯವಾಗಿ ಸಾಲದು. ವೀಸಾಕ್ಕೆ ಬೇಕಾದದ್ದು ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ. ಪಾಲಿಸಿಯ ಸಣ್ಣ ಅಕ್ಷರದಲ್ಲಿ ಹಗ್ಗ ಬಳಸುವ ಆರೋಹಣವನ್ನು ಅಥವಾ ಇಂತಿಷ್ಟು ಎತ್ತರದ ಮೇಲಿನದನ್ನು ಬಿಟ್ಟಿರುವುದೇ ಹೆಚ್ಚು. ಹೆಲಿಕಾಪ್ಟರ್ ರಕ್ಷಣೆ ಇದೆಯೇ ಎಂದು ವಿಮೆಯವರಿಂದ ಬರವಣಿಗೆಯಲ್ಲಿ ಪಡೆಯಿರಿ. ಆಸ್ಟ್ರಿಯನ್ ಆಲ್ಪೈನ್ ಕ್ಲಬ್‌ಗೆ ಯಾವ ದೇಶದವರಾದರೂ ಸೇರಬಹುದು. ಆ ಸದಸ್ಯತ್ವದಲ್ಲಿ ಜಗತ್ತಿನೆಲ್ಲೆಡೆ 25,000 ಯೂರೋವರೆಗಿನ ರಕ್ಷಣಾ ವೆಚ್ಚ ಸೇರಿದೆ, ಹಟ್‌ಗಳಲ್ಲಿ ರಿಯಾಯಿತಿಯೂ ಸಿಗುತ್ತದೆ. ಸದಸ್ಯತ್ವದ ಕಾರ್ಡಿನ ಫೋಟೋ ಫೋನಿನಲ್ಲಿರಲಿ, ಪಾಲಿಸಿಯ ತುರ್ತು ಸಂಖ್ಯೆ ಒಂದು ಚೀಟಿಯಲ್ಲಿ ಬರೆದು ಜಾಕೆಟ್ಟಿನ ಒಳಜೇಬಿನಲ್ಲಿರಲಿ. ಚಳಿಗೆ ಫೋನಿನ ಬ್ಯಾಟರಿ ಬೇಗ ಸಾಯುತ್ತದೆ.