ಓದುಗರ ಪ್ರಶ್ನೆ: ಛಾಯಾಚಿತ್ರ ಗೆರೆಚಿತ್ರವಾದದ್ದು ಹೇಗೆ?

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದ ಕಾಲದ ವಾರಪತ್ರಿಕೆಯೊಂದರ ಹಾಳೆ ನನ್ನ ಬಳಿ ಇದೆ. ಅಡಿಬರಹದಲ್ಲಿ ‘ಬ್ರಾಡಿಯವರ ಛಾಯಾಚಿತ್ರದಿಂದ’ ಎಂದಿದ್ದರೂ ಚಿತ್ರವೆಲ್ಲ ಬರಿಯ ಗೆರೆಗಳು. ಛಾಯಾಚಿತ್ರವನ್ನೇ ಏಕೆ ಅಚ್ಚು ಹಾಕಲಿಲ್ಲ?

ಉತ್ತರ: ಅಚ್ಚುಮೊಳೆಯ ಉಬ್ಬಿಗೆ ಮಸಿ ಹತ್ತುತ್ತದೆ, ತಗ್ಗಿಗೆ ಹತ್ತುವುದಿಲ್ಲ, ಛಾಯಾಚಿತ್ರದ ಜೀವಾಳವಾದ ಬೂದುಬಣ್ಣದ ಏರಿಳಿತಕ್ಕೆ ಆ ಮುದ್ರಣದಲ್ಲಿ ಎಡೆಯಿರಲಿಲ್ಲ. ಹೀಗಾಗಿ 1842ರಲ್ಲಿ ಆರಂಭವಾದ ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್ ಆಗಲಿ, 1857ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಹಾರ್ಪರ್ಸ್ ವೀಕ್ಲಿಯಾಗಲಿ ಮರದಚ್ಚನ್ನೇ ನೆಚ್ಚಬೇಕಾಯಿತು. ಅಚ್ಚುಮೊಳೆಯಷ್ಟೇ ಎತ್ತರದ ಮರದ ಬ್ಲಾಕನ್ನು ಅಕ್ಷರಗಳ ಜೊತೆಗೇ ಕೂಡಿಸಿ ಒಂದೇ ಸಲಕ್ಕೆ ಮುದ್ರಿಸಬಹುದಾಗಿತ್ತು.

ಬಳಸುತ್ತಿದ್ದುದು ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಅಡ್ಡಕೊಯ್ತದ ಮುಖ. ಈ ಮರದ ಕಾಂಡ ಸಣ್ಣದಾದ್ದರಿಂದ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಹಿಂಬದಿಯಲ್ಲಿ ತಿರುಪು ಹಾಕಿ ಜೋಡಿಸುತ್ತಿದ್ದರು. ಕಲಾವಿದ ಛಾಯಾಚಿತ್ರವನ್ನು ನೋಡಿ ಈ ಬ್ಲಾಕಿನ ಮೇಲೆ ಎಡಬಲ ತಿರುಗಿಸಿ ಚಿತ್ರ ಬರೆದ ಮೇಲೆ ತುಂಡುಗಳನ್ನು ಬಿಚ್ಚಿ, ಒಬ್ಬೊಬ್ಬ ಕೆತ್ತನೆಗಾರನಿಗೆ ಒಂದೊಂದರಂತೆ ಹಂಚಿ, ಕೆತ್ತಿದ ಬಳಿಕ ಮತ್ತೆ ಬಿಗಿದು, ಬೆಸುಗೆಯ ಕಡೆ ಗೆರೆಗಳು ಕೂಡುವಂತೆ ನುರಿತವನೊಬ್ಬನಿಂದ ತಿದ್ದಿಸುತ್ತಿದ್ದರು. ಬಿಳಿಯಾಗಿ ಉಳಿಯಬೇಕಾದುದನ್ನು ಉಳಿಯಿಂದ ತೆಗೆದುಹಾಕುವುದೇ ಕೆಲಸ. ಬೂದುಬಣ್ಣವೆಂದರೆ ಗೆರೆಗಳ ದಪ್ಪ ಮತ್ತು ಅಂತರದಿಂದ ಕಣ್ಣಿಗೆ ಹುಟ್ಟಿಸುವ ಭ್ರಮೆ. ನಿಮ್ಮ ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಚಿತ್ರವನ್ನು ನೇರವಾಗಿ ಸೀಳಿದಂತಹ ಕೂದಲೆಳೆಯ ಬಿಳಿಗೆರೆ ಕಂಡೀತು. ತುಂಡುಗಳು ಸೇರಿದ ಜಾಗವದು.

‘ಛಾಯಾಚಿತ್ರದಿಂದ’ ಎಂಬ ಮಾತನ್ನು ತುಸು ಎಚ್ಚರದಿಂದಲೇ ಓದಬೇಕು. 1862ರ ಸೆಪ್ಟೆಂಬರ್ 17ರಂದು ನಡೆದ ಆಂಟೀಟಮ್ ಕದನದ ಶವಗಳ ಚಿತ್ರಗಳು ಹಾರ್ಪರ್ಸ್ ವೀಕ್ಲಿಯಲ್ಲಿ ಅಕ್ಟೋಬರ್ 18ರ ಸಂಚಿಕೆಯಲ್ಲಿ ಮರದಚ್ಚಾಗಿ ಬಂದವು. ಹೆಸರು ಛಾಯಾಗ್ರಾಹಕ ಮ್ಯಾಥ್ಯೂ ಬ್ರಾಡಿಯವರದಾದರೂ ರಣರಂಗಕ್ಕೆ ಕ್ಯಾಮೆರಾ ಹೊತ್ತು ಹೋದವರು ಅವರ ಬಳಿ ಕೆಲಸ ಮಾಡುತ್ತಿದ್ದ ಅಲೆಕ್ಸಾಂಡರ್ ಗಾರ್ಡ್‌ನರ್ ಮತ್ತು ಅವರ ಸಹಾಯಕ. ಹಸಿ ಗಾಜಿನ ಫಲಕಕ್ಕೆ ಕೆಲವು ಸೆಕೆಂಡುಗಳ ಕಾಲ ಬೆಳಕು ಬೀಳಬೇಕಾಗಿದ್ದ ಆ ದಿನಗಳಲ್ಲಿ ಓಡುವ ಕುದುರೆಯನ್ನು ಸೆರೆಹಿಡಿಯುವುದು ಆಗದ ಮಾತು. ಸತ್ತವರು ಮಾತ್ರ ಅಲುಗದೆ ಇರುತ್ತಿದ್ದರು. ಆದ್ದರಿಂದ ಕದನದ ಗದ್ದಲವನ್ನು ಪತ್ರಿಕೆಗಳು ಸ್ಥಳಕ್ಕೆ ಹೋದ ಚಿತ್ರಕಾರರ ರೇಖಾಚಿತ್ರಗಳಿಂದಲೇ ಪಡೆಯುತ್ತಿದ್ದವು.

ನ್ಯೂಯಾರ್ಕಿನ ಡೈಲಿ ಗ್ರಾಫಿಕ್ 1880ರ ಮಾರ್ಚ್ 4ರಂದು ಬಡವರ ಗುಡಿಸಲುಗಳ ಛಾಯಾಚಿತ್ರವೊಂದನ್ನು ಹಾಫ್‌ಟೋನ್ ಕ್ರಮದಲ್ಲಿ, ಅಂದರೆ ಬೂದುಬಣ್ಣದ ಏರಿಳಿತವನ್ನು ಸಣ್ಣ-ದೊಡ್ಡ ಚುಕ್ಕಿಗಳಾಗಿ ಒಡೆದು, ಮುದ್ರಿಸಿತು. ಆದರೂ ಮರದಚ್ಚು ಕೂಡಲೇ ಮೂಲೆ ಸೇರಲಿಲ್ಲ; ಮುಂದಿನ ಹತ್ತಾರು ವರ್ಷ ಎರಡೂ ಒಂದೇ ಸಂಚಿಕೆಯಲ್ಲಿ ಅಕ್ಕಪಕ್ಕ ಕಾಣಿಸಿಕೊಳ್ಳುವುದುಂಟು.