ಮುಚ್ಚಳ, ಮಿಕ್ಸಿ, ನಿಲ್ಲದ ಟೀವಿ: ಪುಟ್ಟ ಮಗುವಿರುವ ಮನೆಯ ಸದ್ದುಗಳು

ಓದುಗರ ಪ್ರಶ್ನೆಗಳಿಗೆ ವಾಕ್ ಮತ್ತು ಶ್ರವಣ ತಜ್ಞೆಯ ಉತ್ತರ

ಪ್ರಶ್ನೆ: ಮಗನಿಗೆ ಒಂದೂವರೆ ವರ್ಷ. ಬೆಳಗ್ಗೆ ಎದ್ದಾಗಿನಿಂದ ಚಮಚದಲ್ಲಿ ತಟ್ಟೆ ಬಡಿಯುತ್ತಾನೆ, ಡಬ್ಬದ ಮುಚ್ಚಳ ನೆಲಕ್ಕೆಸೆಯುತ್ತಾನೆ, ನಡುವೆ ಸುಮ್ಮಸುಮ್ಮನೆ ಕಿರುಚುತ್ತಾನೆ. ನನಗಂತೂ ತಲೆ ಚಿಟ್ಟು ಹಿಡಿಯುತ್ತದೆ. ಅವನ ಕಿವಿಗೆ ತೊಂದರೆಯಾಗುತ್ತದೆಯೇ? ಇದನ್ನು ಬಿಡಿಸುವುದು ಹೇಗೆ?

ಮುಂದಿನ ಸಲ ಮುಚ್ಚಳ ಬಿದ್ದಾಗ ಅದನ್ನು ಎತ್ತಲು ಓಡಬೇಡಿ, ಅವನ ಮುಖ ನೋಡಿ. ಎಸೆದ ಮೇಲೆ ಅವನು ಸುಮ್ಮನಾಗಿಬಿಡುತ್ತಾನೆ. ಮುಚ್ಚಳ ಗಿರಗಿರ ಸುತ್ತುತ್ತದೆ, ಸುತ್ತು ಸಣ್ಣದಾದಷ್ಟೂ ಸದ್ದು ಬಿರುಸಾಗುತ್ತದೆ, ಕೊನೆಗೆ ಟಣ್ ಎಂದು ನಿಲ್ಲುತ್ತದೆ. ಅಷ್ಟು ಹೊತ್ತೂ ಅವನು ಕದಲುವುದಿಲ್ಲ. ಆಮೇಲೆ ನಿಮ್ಮ ಕಡೆ ತಿರುಗಿ ನೋಡುತ್ತಾನೆ. ಮತ್ತೆ ಎಸೆಯುತ್ತಾನೆ, ಈ ಸಲ ಹಾಸಿಗೆಯ ಮೇಲೆ. ಸದ್ದೇ ಇಲ್ಲ! ತನ್ನ ಕೈ ಮಾಡಿದ್ದಕ್ಕೂ ಕಿವಿಗೆ ಬಿದ್ದದ್ದಕ್ಕೂ ಇರುವ ನಂಟನ್ನು ಅವನು ಹೀಗೆ ಪತ್ತೆ ಹಚ್ಚುತ್ತಿದ್ದಾನೆ. ಇದನ್ನು ಬಿಡಿಸಲು ನಾನು ದಾರಿ ಹೇಳಿಕೊಡುವುದಿಲ್ಲ. ಸದ್ದು ತಗ್ಗಿಸುವ ದಾರಿ ಹೇಳಬಲ್ಲೆ. ಲೋಹಕ್ಕೆ ಲೋಹ ತಾಗಿದಾಗ ಸದ್ದು ಚುಚ್ಚುತ್ತದೆ. ಮರದ ಸೌಟು, ಪ್ಲಾಸ್ಟಿಕ್ ಡಬ್ಬ ಕೊಟ್ಟು ನೋಡಿ. ಆಟ ಅದೇ, ತಲೆನೋವು ಮಾತ್ರ ಕಡಿಮೆ.

ಇನ್ನು ಕಿವಿಯ ವಿಚಾರ. ನಾವು ಮಾಮೂಲಾಗಿ ಮಾತಾಡುವ ಸದ್ದು 60 ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ. ಸದ್ದಿನ ಅಳತೆಯಾದ ಈ ಡೆಸಿಬೆಲ್ ಏರುವುದು ನಮ್ಮ ಎಣಿಕೆಯ ಹಾಗಲ್ಲ. 10 ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಹಾಡು ಕೇಳುವ ಸಾಧನಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾನದಂಡದಲ್ಲಿ ಮಕ್ಕಳಿಗೆ ಇಟ್ಟಿರುವ ಮಿತಿ 75 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ. ಹತ್ತು ನಿಮಿಷದ ತಟ್ಟೆ ಬಡಿತದಿಂದ ಅವನ ಕಿವಿ ಹೋಗುವುದಿಲ್ಲ. ನನಗೆ ಹೆಚ್ಚು ಅಂಜಿಕೆ ಬ್ಯಾಟರಿ ಹಾಕಿದ ಆಟಿಕೆಗಳದ್ದು. ಸದ್ದಿನ ಮೂಲ ಅರ್ಧದಷ್ಟು ಹತ್ತಿರ ಬಂದಾಗಲೆಲ್ಲ ಸುಮಾರು 6 ಡೆಸಿಬೆಲ್ ಏರುತ್ತದೆ. ಮಗು ಆಟಿಕೆಯನ್ನು ನಿಮ್ಮಂತೆ ಕೈಯಳತೆಯ ದೂರದಲ್ಲಿ ಹಿಡಿಯುವುದಿಲ್ಲ, ಕಿವಿಗೇ ಒತ್ತಿಕೊಳ್ಳುತ್ತದೆ. 50 ಸೆಂಟಿಮೀಟರಿನಿಂದ 6 ಸೆಂಟಿಮೀಟರಿಗೆ ಬಂದರೆ 18 ಡೆಸಿಬೆಲ್ ಏರಿತು. ಸ್ಪೀಕರಿನ ತೂತುಗಳ ಮೇಲೆ ದಪ್ಪನೆಯ ಟೇಪನ್ನು ಭದ್ರವಾಗಿ ಅಂಟಿಸಿ, ಸದ್ದು ಗಣನೀಯವಾಗಿ ಇಳಿಯುತ್ತದೆ.

ಕಿರುಚಾಟದಿಂದ ಕಷ್ಟ ಅವನಿಗಿಂತ ನಿಮಗೇ ಹೆಚ್ಚು. ಹೆಗಲ ಮೇಲಿನ ಮಗು ನಿಮ್ಮ ಕಿವಿಯ ಪಕ್ಕದಲ್ಲೇ ಚೀರಿದರೆ ಅದು 100 ಡೆಸಿಬೆಲ್ ದಾಟಬಹುದು. ನೀವೂ ಕೂಗಿದರೆ ಅವನಿಗೆ ಜೊತೆಗಾರರು ಸಿಕ್ಕಂತಾಯಿತು. ಪಿಸುಮಾತಿನಲ್ಲಿ ಉತ್ತರ ಕೊಡಿ. ಏನು ಹೇಳಿದರು ಎಂದು ಕೇಳಿಸಿಕೊಳ್ಳಲು ಎಷ್ಟೋ ಮಕ್ಕಳು ತಾವೇ ಸುಮ್ಮನಾಗುತ್ತವೆ. ಪ್ರತಿ ಸಲವೂ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಪ್ರಶ್ನೆ: ನಮ್ಮದು ತುಂಬಿದ ಮನೆ. ಬೆಳಗಿನಿಂದ ರಾತ್ರಿಯವರೆಗೂ ಟೀವಿ ಓಡುತ್ತಿರುತ್ತದೆ. ‘ಮಗು ನೋಡುವುದೇ ಇಲ್ಲ, ಅದರ ಪಾಡಿಗೆ ಆಡಿಕೊಂಡಿರುತ್ತದೆ, ಏನಾಗುತ್ತದೆ?’ ಎನ್ನುತ್ತಾರೆ ಮಾವನವರು. ಮಗಳಿಗೆ ಎರಡು ವರ್ಷ ತುಂಬಿತು, ಎಂಟು ಹತ್ತು ಪದ ಹೇಳುತ್ತಾಳೆ. ಕೆಲವು ದಿನ ಕರೆದರೆ ತಿರುಗುವುದೇ ಇಲ್ಲ.

ನೋಡುವುದಿಲ್ಲ, ಸರಿ. ಕೇಳಿಸಿಕೊಳ್ಳುವುದಿಲ್ಲ ಎಂದು ಹೇಳಿದವರಾರು? ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ.

ಟೀವಿ ಸದ್ದಿನ ನಡುವೆಯೂ ದೊಡ್ಡವರಿಗೆ ಮಾತು ಕೇಳಿಸುತ್ತದೆ, ಏಕೆಂದರೆ ನಮಗೆ ಭಾಷೆ ಗೊತ್ತು. ‘ಬಾ..ಲು ಹಾಕು’ ಎಂದು ಅರೆಬರೆ ಕೇಳಿಸಿದರೂ ‘ಬಾಗಿಲು ಹಾಕು’ ಎಂದು ತುಂಬಿಸಿಕೊಳ್ಳುತ್ತೇವೆ. ‘ಬಾಗಿಲು’ ಎಂಬ ಪದವನ್ನೇ ಇನ್ನೂ ಕಲಿಯಬೇಕಾದ ಮಗು ಏನನ್ನು ತುಂಬಿಸಿಕೊಳ್ಳಬೇಕು? ಗದ್ದಲದಿಂದ ಮಾತನ್ನು ಸೋಸಿ ತೆಗೆಯುವ ಶಕ್ತಿ ಹದಿಹರೆಯದವರೆಗೂ ಬಲಿಯುತ್ತಲೇ ಇರುತ್ತದೆ. ಎರಡು ವರ್ಷಕ್ಕೆ ಅದು ಬಲು ಎಳಸು.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಟೀವಿ ಮಾತಾಡುವಾಗ ಮನೆಯವರು ಬಾಯಿ ಮುಚ್ಚುತ್ತಾರೆ. ಅಮೆರಿಕದ ಮನೆಗಳಲ್ಲಿ ಮಕ್ಕಳ ಅಂಗಿಗೆ ಪುಟ್ಟ ರೆಕಾರ್ಡರ್ ಸಿಕ್ಕಿಸಿ ನಡೆಸಿದ, 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಟೀವಿ ಸದ್ದು ಕೇಳಿಸುತ್ತಿದ್ದ ಪ್ರತಿ ಗಂಟೆಗೆ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು ಸರಾಸರಿ 770 ಪದಗಳಷ್ಟು ಕಡಿಮೆಯಾಗಿತ್ತು. ಟೀವಿಯೇ ಮಾತಾಡುತ್ತದಲ್ಲ ಎನ್ನಬಹುದು ಮಾವನವರು. ಕೂಸುಗಳು ಭಾಷೆ ಕಲಿಯುವ ಬಗೆಯನ್ನು ಅಧ್ಯಯನ ಮಾಡುವ ವಿಜ್ಞಾನಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು ಅದನ್ನೂ ನೋಡಿದ್ದಾರೆ. 2003ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕದ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡಿಸುತ್ತ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿ ವ್ಯತ್ಯಾಸಗಳನ್ನು ಹಿಡಿದವು. ಅದೇ ಮಾತನ್ನು ತೆರೆಯ ಮೇಲೆ ತೋರಿಸಿದಾಗ ಏನನ್ನೂ ಕಲಿಯಲಿಲ್ಲ. ಮಗು ‘ಆ?’ ಎಂದರೆ ‘ಏನಮ್ಮಾ?’ ಎನ್ನಲು ಟೀವಿಗೆ ಬರುವುದಿಲ್ಲವಲ್ಲ.

ನನಗೆ ಬಲು ಮೆಚ್ಚಿನ ಕೆಲಸ ಡೆಬ್ ರಾಯ್ ಅವರದು. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಈ ವಿಜ್ಞಾನಿ ಮಗ ಹುಟ್ಟುವ ಹೊತ್ತಿಗೆ ತಮ್ಮ ಮನೆಯ ಚಾವಣಿಗೆಲ್ಲ ಕ್ಯಾಮೆರಾ, ಮೈಕ್ ಕೂರಿಸಿದರು. ಮೂರು ವರ್ಷಗಳಲ್ಲಿ ಸುಮಾರು 1,40,000 ಗಂಟೆಗಳ ಆಡಿಯೋ ಸೇರಿತು. ‘ಗಾಗಾ’ ಎನ್ನುತ್ತಿದ್ದ ಮಗು ಮೆಲ್ಲಮೆಲ್ಲನೆ ‘ವಾಟರ್’ ಎನ್ನಲು ಕಲಿತದ್ದು ಅದರಲ್ಲಿದೆ. ಅದಕ್ಕಿಂತ ಸೊಗಸಾದದ್ದು ದೊಡ್ಡವರ ಮಾತಿನಲ್ಲಿ ಸಿಕ್ಕಿತು. ಮಗುವಿನ ಬಾಯಲ್ಲಿ ಒಂದು ಪದ ಮೂಡುವ ಕಾಲ ಹತ್ತಿರವಾದಂತೆ ತಂದೆ, ತಾಯಿ, ದಾದಿ ಮೂವರೂ ಆ ಪದವಿರುವ ತಮ್ಮ ವಾಕ್ಯಗಳನ್ನು ಚಿಕ್ಕದಾಗಿಸುತ್ತ ಬಂದಿದ್ದರು. ಪದ ಬಂದ ಮೇಲೆ ವಾಕ್ಯ ಮತ್ತೆ ಉದ್ದವಾಯಿತು. ಹೀಗೆ ಮಾಡುತ್ತಿದ್ದೇವೆ ಎಂಬ ಅರಿವು ಅವರಿಗೇ ಇರಲಿಲ್ಲ.

ಆದ್ದರಿಂದ ಮನೆಯನ್ನು ಗ್ರಂಥಾಲಯ ಮಾಡಬೇಕಿಲ್ಲ. ಮಗುವಿಗೆ ಮರುಮಾತು ಕೊಡುವ ಸದ್ದುಗಳು ಎಷ್ಟಿದ್ದರೂ ಇರಲಿ, ಯಾರಿಗೂ ಉತ್ತರ ಕೊಡದೆ ಓಡುತ್ತಿರುವುದನ್ನು ಆರಿಸಿ. ಮಾವನವರಿಗೆ ‘ಟೀವಿ ಬೇಡ’ ಎನ್ನಬೇಡಿ, ಜಗಳವಾಗುತ್ತದೆ. ಅವರು ನಿಜಕ್ಕೂ ಕೂತು ನೋಡುವ ಕಾರ್ಯಕ್ರಮ ಯಾವುದೆಂದು ಕೇಳಿ, ಅದು ಮುಗಿದ ಕೂಡಲೇ ರಿಮೋಟ್ ಮೊಮ್ಮಗಳ ಕೈಗೆ ಕೊಡಲಿ. ಆರಿಸುವ ಕೆಲಸ ಅವಳದು. ತಾತನೂ ಬೇಡವೆನ್ನಲಾರರು.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಟೀವಿಯಲ್ಲ, ‘ಕೆಲವು ದಿನ’ ಎಂಬ ಮಾತು. ಎರಡು ವರ್ಷಕ್ಕೆ ಸುಮಾರು 50 ಪದ, ‘ಅಪ್ಪ ಬಾ’ ಎಂಬಂಥ ಎರಡು ಪದಗಳ ಜೋಡಣೆ ನಿರೀಕ್ಷಿಸುತ್ತೇವೆ. ಎಂಟು ಹತ್ತು ಕಡಿಮೆಯಾಯಿತು. ಮಕ್ಕಳಲ್ಲಿ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಾಳ ಗಿಡ್ಡ, ಹೆಚ್ಚುಕಡಿಮೆ ಅಡ್ಡಕ್ಕಿರುತ್ತದೆ. ನೆಗಡಿಯಾದರೆ ಕಿವಿತಮಟೆಯ ಹಿಂದೆ ದ್ರವ ನಿಲ್ಲಬಹುದು. ನೋವಿಲ್ಲ, ಜ್ವರವಿಲ್ಲ, ಕೇಳಿಸುವುದು ಮಾತ್ರ ಮಂಕಾಗುತ್ತದೆ. ದ್ರವ ಏರಿ ಇಳಿದಂತೆ ಒಂದು ದಿನ ತಿರುಗುತ್ತಾರೆ, ಇನ್ನೊಂದು ದಿನ ಇಲ್ಲ. ಹಿಂದಿನಿಂದ ಚಪ್ಪಾಳೆ ತಟ್ಟಿ ‘ಕೇಳಿಸುತ್ತದೆ’ ಎಂದು ತೀರ್ಮಾನಿಸಬೇಡಿ. ಚಪ್ಪಾಳೆ ಕೇಳಿಸುವ ಮಗುವಿಗೆ ‘ಸ’, ‘ಶ’ದಂಥ ತೆಳು ಧ್ವನಿಗಳು ಕೇಳಿಸದೇ ಇರಬಹುದು. ಕಿವಿಯ ಪರೀಕ್ಷೆ ಈಗಲೇ ಮಾಡಿಸಿ, ಜೊತೆಗೆ ವಾಕ್ ಚಿಕಿತ್ಸಕರನ್ನೂ ಕಾಣಿ. ಮೊದಲ ಹಂತದ ಪರೀಕ್ಷೆಗಳು ಕೆಲವೇ ನಿಮಿಷದವು, ಚುಚ್ಚುವಂಥದ್ದೇನೂ ಇಲ್ಲ. ‘ಅವರಪ್ಪನೂ ಮಾತು ತಡ’ ಎಂದು ಯಾರಾದರೂ ಅಂದರೆ ತಲೆಯಾಡಿಸಿ, ಪರೀಕ್ಷೆಗೆ ಹೊರಡಿ.

ಪ್ರಶ್ನೆ: ಮಿಕ್ಸಿ ಹಾಕಿದರೆ ಎರಡೂವರೆ ವರ್ಷದ ಮಗ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಹೆದರಿಕೆ ಹೋಗಲೆಂದು ಎದುರಿಗೇ ಕೂರಿಸಿ ಹಾಕಬಹುದೇ?

ಬೇಡ. ಹೆದರಿಕೆ ಇಮ್ಮಡಿಯಾಗುತ್ತದೆ. ಆ ಸದ್ದು ಯಾವಾಗ ಶುರುವಾಗುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ಅವನ ಕೈಯಲ್ಲಿಲ್ಲ, ಅವನನ್ನು ಕಾಡುವುದು ಇದೇ. ಹಾಕುವ ಮೊದಲು ಹೇಳಿ. ಅವನು ಬಾಗಿಲಾಚೆ ನಿಂತು ‘ಒಂದು, ಎರಡು, ಮೂರು’ ಎನ್ನಲಿ, ಮೂರಕ್ಕೆ ನೀವು ನಿಲ್ಲಿಸಿ. ಕೆಲವು ದಿನ ಕಳೆದು ಐದಕ್ಕೆ ಏರಿಸಿ. ಸದ್ದಿಗೊಂದು ಹೆಸರಿಡಿ: ಗುರ್ ಗುರ್, ಬುರ್ ಬುರ್, ಏನಾದರೂ. ಪಟಪಟ, ದಡದಡ, ಗುಳುಗುಳು ಎಂದು ಸದ್ದಿನಿಂದಲೇ ಪದ ಮಾಡುವ ಭಾಷೆ ನಮ್ಮದು, ಇಂಥ ಪದಗಳು ಎಳೆಯರ ನಾಲಿಗೆಗೆ ಬೇಗ ಹತ್ತುತ್ತವೆ. ಮಿಕ್ಸಿಯೊಂದೇ ಅಲ್ಲದೆ ಹತ್ತಾರು ಬಗೆಯ ಸದ್ದಿಗೆ ಹೀಗಾಗಿ, ಊಟ, ಸ್ನಾನ, ಹೊರಗೆ ಹೋಗುವುದಕ್ಕೂ ಅಡ್ಡಿಯಾದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮಲಗಿಸಲು ಮಳೆ ಸದ್ದಿನ ಯಂತ್ರ ತೊಟ್ಟಿಲ ಪಕ್ಕ ಇಡಬಹುದೇ?

ಪಕ್ಕದಲ್ಲಿ ಬೇಡ. 2014ರ ಒಂದು ಅಧ್ಯಯನದಲ್ಲಿ ಇಂಥ 14 ಯಂತ್ರಗಳನ್ನು ಪೂರ್ತಿ ಸದ್ದಿಗಿಟ್ಟು ಅಳೆದಾಗ ಮೂರು ಯಂತ್ರಗಳು 85 ಡೆಸಿಬೆಲ್ ದಾಟಿದ್ದವು. ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ಕೋಣೆಗೆ ಹೇಳುವ ಮಿತಿ 50. ಕೋಣೆಯ ಆಚೆ ತುದಿಯಲ್ಲಿ, ಅತಿ ಕಡಿಮೆ ಸದ್ದಿನಲ್ಲಿಟ್ಟು, ನಿದ್ದೆ ಹತ್ತಿದ ಮೇಲೆ ಆರಿಸಿ.

ಪ್ರಶ್ನೆ: ದೀಪ ಆರಿಸಿದ ಮೇಲೆ ಮಗಳು ಅರ್ಧ ಗಂಟೆ ಒಬ್ಬಳೇ ಏನೇನೋ ಮಾತಾಡಿಕೊಳ್ಳುತ್ತಾಳೆ. ಇದು ಸರಿಯೇ?

ಸರಿಯೇ. ರುತ್ ವೀರ್ ಎಂಬ ಭಾಷಾವಿಜ್ಞಾನಿ ತಮ್ಮ ಎರಡೂವರೆ ವರ್ಷದ ಮಗನ ಇಂಥ ರಾತ್ರಿ ಮಾತುಗಳನ್ನು ಟೇಪಿನಲ್ಲಿ ಹಿಡಿದು, ಆ ಅಧ್ಯಯನವನ್ನು 1962ರಲ್ಲಿ ಪ್ರಕಟಿಸಿದರು. ಒಂದು ವಾಕ್ಯ ಹಿಡಿದು ಅದರಲ್ಲಿ ಒಂದೊಂದೇ ಪದ ಬದಲಿಸಿ ಹೇಳಿನೋಡುವ ಅಭ್ಯಾಸ ಆ ಹುಡುಗನಿಗಿತ್ತು. ನಿಮ್ಮ ಮಗಳೂ ‘ಚೆಂಡು ಎಲ್ಲಿ, ಚಪ್ಪಲಿ ಎಲ್ಲಿ, ಅಜ್ಜಿ ಎಲ್ಲಿ’ ಎಂದು ಸಾಲು ಕಟ್ಟುತ್ತಿರಬಹುದು. ಬಾಗಿಲ ಹೊರಗೆ ನಿಂತು ಕೇಳಿ. ಒಳಗೆ ಇಣುಕಬೇಡಿ, ಬಾಗಿಲು ಕಿರುಗುಟ್ಟಿದರೆ ಸಾಕು, ಮಾತು ಅಲ್ಲಿಗೇ ನಿಂತು ‘ಅಮ್ಮಾ, ನೀರು’ ಶುರುವಾಗುತ್ತದೆ.