ಮೇಸ್ತ್ರಿ ಫೋನ್ ಎತ್ತುತ್ತಿಲ್ಲ, ನಮ್ಮ ಕೂಲಿ ಯಾರನ್ನು ಕೇಳೋದು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ಗೋಳು. ದುಡಿದಾಗಿದೆ, ದುಡ್ಡು ಬಂದಿಲ್ಲ. ಐದು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಯಿತು, ಯಾಕಂದ್ರೆ ಅದರಲ್ಲಿ ಉಳಿದವರಿಗೂ ಬೇಕಾದ ವಿಷಯ ಇದೆ.

ಪ್ರಶ್ನೆ: ನಾವು ಏಳು ಜನ, ಬೆಂಗಳೂರಿನಲ್ಲಿ ಒಂದು ಅಪಾರ್ಟ್‌ಮೆಂಟಿಗೆ ನಾಲ್ಕು ತಿಂಗಳು ಗಾರೆ ಕೆಲಸ ಮಾಡಿದೆವು. ಮೇಸ್ತ್ರಿ ವಾರ ವಾರ ಖರ್ಚಿ ಕೊಟ್ಟ, ಉಳಿದದ್ದು ಹಬ್ಬಕ್ಕೆ ಲೆಕ್ಕ ಮಾಡ್ತೀನಿ ಅಂದ. ಈಗ ಫೋನೇ ಎತ್ತುತ್ತಿಲ್ಲ. ಬಿಲ್ಡರ್ ಆಫೀಸಿನಲ್ಲಿ ಕೇಳಿದರೆ ಮೇಸ್ತ್ರಿಗೆ ಪೂರ್ತಿ ಕೊಟ್ಟಾಗಿದೆ ಅಂತಾರೆ. ನಮ್ಮ ಹತ್ತಿರ ಒಂದು ಚೀಟಿಯೂ ಇಲ್ಲ. ಲಾಯರ್ ಇಡೋಣ ಅಂದರೆ ದುಡ್ಡೆಲ್ಲಿ? (ಯಾದಗಿರಿ ಜಿಲ್ಲೆಯ ಓದುಗರು)

ಉತ್ತರ: ಮೇಸ್ತ್ರಿಗೆ ಕೊಟ್ಟಾಗಿದೆ ಅನ್ನುವುದು ಅವರಿಬ್ಬರ ನಡುವಿನ ಲೆಕ್ಕ, ನಿಮ್ಮದಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯೂ, ಅಂದರೆ ಕೂಲಿ-ಸಂಬಳದ ಹಳೆಯ ಕಾಯ್ದೆಗಳ ಜಾಗಕ್ಕೆ ಬಂದ ಹೊಸ ಕಾನೂನೂ, ಅದನ್ನೇ ಹೇಳುತ್ತದೆ. ಬಿಲ್ಡರ್ ಮೊದಲು ನಿಮಗೆ ಕೊಡಲಿ, ಆಮೇಲೆ ಬೇಕಾದರೆ ಮೇಸ್ತ್ರಿಯ ಹತ್ತಿರ ವಸೂಲಿ ಮಾಡಿಕೊಳ್ಳಲಿ. ಹಾಗಾಗಿ ಕಾರ್ಮಿಕ ಇಲಾಖೆಗೆ ಕೊಡುವ ಅರ್ಜಿಯಲ್ಲಿ ಇಬ್ಬರ ಹೆಸರೂ ಇರಬೇಕು. ಮೇಸ್ತ್ರಿ ಒಬ್ಬನ ಮೇಲೆ ಹಾಕಿದರೆ ಅವನ ವಿಳಾಸ ಹುಡುಕುವುದರಲ್ಲೇ ನಿಮ್ಮ ಕಾಲ ಕಳೆದುಹೋಗುತ್ತದೆ.

ಚೀಟಿ ಇಲ್ಲ ಅಂದಿರಿ, ನಿಜವಾಗ್ಲೂ ಇಲ್ವಾ? ಫೋನ್ ತೆಗೆದು ನೋಡಿ. ಖರ್ಚಿ ಫೋನ್‌ಪೇಯಲ್ಲಿ ಬಂದಿದ್ದರೆ ತಾರೀಖು ಸಮೇತ ಅದರಲ್ಲಿದೆ. ‘ನಾಳೆ ಬೇಗ ಬನ್ನಿ, ಸ್ಲ್ಯಾಬ್ ಹಾಕೋದಿದೆ’ ಅಂತ ಮೇಸ್ತ್ರಿ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜ್, ಸೈಟಿನಲ್ಲಿ ತೆಗೆದ ಫೋಟೊ, ಗೇಟಿನಲ್ಲಿ ಸೆಕ್ಯೂರಿಟಿ ಬರೆಸಿಕೊಳ್ಳುತ್ತಿದ್ದ ಪುಸ್ತಕ, ಎಲ್ಲವೂ ಸಾಕ್ಷಿ. ಪಕ್ಕದ ಸೈಟಿನವರು ಬಂದು ಹೇಳಿದರೂ ಆಗುತ್ತದೆ. ಅಲ್ಲಿ ಕೆಲಸ ಮಾಡಿದ್ದೀರಿ ಅಂತ ನೀವು ತೋರಿಸಿದರೆ ಸಾಕು, ಕೂಲಿ ಕೊಟ್ಟಾಗಿದೆ ಅಂತ ಸಾಬೀತು ಮಾಡುವ ಹೊರೆ ಮಾಲೀಕನ ಮೇಲಿದೆ. ತುಂಬಾ ಜನ ಇದನ್ನು ಉಲ್ಟಾ ತಿಳಿದುಕೊಂಡು ಹೆದರಿ ಸುಮ್ಮನಾಗುತ್ತಾರೆ.

ಇವತ್ತೇ ಏಳೂ ಜನ ಕೂತು ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯಿರಿ. ಯಾರು ಎಷ್ಟು ದಿನ, ದಿನಕ್ಕೆ ಎಷ್ಟು ಮಾತಾಗಿತ್ತು, ಖರ್ಚಿ ಎಷ್ಟು ಬಂತು, ಬಾಕಿ ಎಷ್ಟು. ‘ಸುಮಾರು ಒಂದು ಲಕ್ಷ ಬರಬೇಕು’ ಅಂದರೆ ಯಾವ ಅಧಿಕಾರಿಯೂ ಆದೇಶ ಬರೆಯಲಾರ, ಹೆಸರಿನ ಮುಂದೆ ಅಂಕಿ ಇರಬೇಕು. ಮಾತಾಡಿದ ಕೂಲಿ ಸರ್ಕಾರದ ಕನಿಷ್ಠ ವೇತನಕ್ಕಿಂತ ಕಡಿಮೆ ಇದ್ದರೆ ಆ ವ್ಯತ್ಯಾಸವನ್ನೂ ಕೇಳಬಹುದು.

ಈ ಲೆಕ್ಕ ಹಿಡಿದು ಕಾರ್ಮಿಕ ಇಲಾಖೆಗೆ ಹೋಗಿ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೇಳಿದರೆ ನಿಮ್ಮ ಸೈಟು ಯಾರ ವ್ಯಾಪ್ತಿಗೆ ಬರುತ್ತದೆ ಅಂತ ಹೇಳುತ್ತಾರೆ. ಇಲಾಖೆಯ ಸಹಾಯವಾಣಿ 155214. ಏಳು ಜನರಿಗೆ ಏಳು ಅರ್ಜಿ ಬೇಡ, ಒಂದೇ ಅರ್ಜಿ ಸಾಕು. ಒಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಆಚೆ ಬರಬೇಡಿ. ಬಾಯಲ್ಲಿ ಹೇಳಿ ಬಂದ ದೂರಿಗೆ ಬೆಲೆ ಇಲ್ಲ. ಮುಖ್ಯವಾಗಿ, ಊರಿಗೆ ಹೊರಡುವ ಮೊದಲೇ ಇದನ್ನು ಮಾಡಿ. ಊರಿಗೆ ಹೋದ ಮೇಲೆ ಬಸ್ ಚಾರ್ಜು, ಬಿತ್ತನೆ, ಮಕ್ಕಳ ಶಾಲೆ ಅಂತ ದಿನ ತಳ್ಳುತ್ತದೆ, ಮೇಸ್ತ್ರಿ ನಂಬಿಕೊಂಡಿರುವುದೂ ಅದನ್ನೇ.

ಲಾಯರ್‌ಗೆ ದುಡ್ಡೆಲ್ಲಿ ಅಂತ ಕೇಳಿದ್ದೀರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಉಳಿದವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ಆದಾಯ 3 ಲಕ್ಷದೊಳಗೆ ಇರಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಫೋನಾದರೆ 15100.

ಆದೇಶಕ್ಕೆ ಮೂರು ತಿಂಗಳು ಅಂತ ಕಾನೂನಿನಲ್ಲಿದೆ, ಆದರೆ ‘ಪ್ರಯತ್ನಿಸಬೇಕು’ ಅಂತ ಇದೆ, ಅಷ್ಟೇ. ಬಾಕಿಯ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು, ಆದರೆ ಹತ್ತು ಪಟ್ಟು ಬಂದೇ ಬರುತ್ತದೆ ಅಂತ ಸಾಲ ಮಾಡಿಕೊಂಡು ಕೂರಬೇಡಿ. ಆದೇಶವಾದ ಮೇಲೂ ಕೊಡದಿದ್ದರೆ ವಸೂಲಿ ಪತ್ರ ಜಿಲ್ಲಾಧಿಕಾರಿಗೆ ಹೋಗುತ್ತದೆ, ಭೂಕಂದಾಯದ ಬಾಕಿ ವಸೂಲಿ ಮಾಡುವ ಹಾಗೆ ಮಾಡುತ್ತಾರೆ. ಆ ಫೈಲ್ ಎಲ್ಲಿದೆ ಅಂತ ಬೆನ್ನು ಬಿಡದೆ ಕೇಳುತ್ತಿರಬೇಕು. ಬೇಜಾರಿನ ಕೆಲಸ, ಆದರೆ ಮಾಡಲೇಬೇಕು.

ಅರ್ಜಿ ಹಾಕಲು ಹೊಸ ಸಂಹಿತೆಯಲ್ಲಿ ಮೂರು ವರ್ಷ ಸಮಯ ಇದೆ. ಹಳೆಯ ವೇತನ ಪಾವತಿ ಕಾಯ್ದೆಯಲ್ಲಿ 12 ತಿಂಗಳು ಮಾತ್ರ ಇತ್ತು. ಸಂಹಿತೆ ಬರುವ ಮೊದಲಿನ ಬಾಕಿ ಇರುವವರು ಮೂರು ವರ್ಷ ಅಂದುಕೊಂಡು ನಿದ್ದೆ ಮಾಡಬೇಡಿ.

ಪ್ರಶ್ನೆ: ಬೇಕರಿ ಮಾಲೀಕರು ಐದು ತಿಂಗಳ ಸಂಬಳಕ್ಕೆ ಚೆಕ್ ಕೊಟ್ಟರು. ಬೌನ್ಸ್ ಆಯಿತು. ಸ್ವಲ್ಪ ದಿನ ತಡಿ ಅಂತಿದ್ದಾರೆ. (ಹಾಸನ)

ಉತ್ತರ: ತಡೀಬೇಡಿ! ಚೆಕ್ ವಾಪಸ್ ಬಂದದ್ದು ನಿಮಗೆ ಗೊತ್ತಾದ 30 ದಿನದೊಳಗೆ ದುಡ್ಡು ಕೊಡಿ ಅಂತ ಲಿಖಿತ ನೋಟಿಸ್ ಹೋಗಬೇಕು. ಅದು ಅವರ ಕೈ ಸೇರಿದ ಮೇಲೆ 15 ದಿನ ಅವಕಾಶ. ಆಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದೂರು. ಇದು ಕ್ರಿಮಿನಲ್ ಕೇಸು, ಎರಡು ವರ್ಷದವರೆಗೆ ಜೈಲಾಗಬಹುದು. ನೋಟಿಸ್ ರಿಜಿಸ್ಟರ್ಡ್ ಪೋಸ್ಟಿನಲ್ಲೇ ಹೋಗಲಿ, ರಸೀದಿ ಇಟ್ಟುಕೊಳ್ಳಿ. ‘ಸ್ವಲ್ಪ ದಿನ’ ಅಂತ ಅವರು ಎಳೆಯುತ್ತಿರುವುದು ಈ 30 ದಿನ ದಾಟಲಿ ಅಂತಲೂ ಇರಬಹುದು, ಅಲ್ವಾ?

ಪ್ರಶ್ನೆ: ಗಾರ್ಮೆಂಟ್ಸಿನಲ್ಲಿ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕಟ್ ಮಾಡುತ್ತಾರೆ. ಸಣ್ಣ ಮೊತ್ತ, ಇದಕ್ಕೆಲ್ಲ ಕೇಸಾ ಅಂತ ಮನೆಯವರು ನಗುತ್ತಾರೆ. (ಮದ್ದೂರು)

ಉತ್ತರ: ನಗಲಿ ಬಿಡಿ. ವೇತನ ಸಂಹಿತೆ ಪ್ರಕಾರ ಗೈರಾದ ಸಮಯಕ್ಕೆ ತಕ್ಕಷ್ಟೇ ಕಡಿತ ಮಾಡಬಹುದು. ಹತ್ತು ನಿಮಿಷಕ್ಕೆ ಹತ್ತು ನಿಮಿಷದ ದುಡ್ಡು. ಸಣ್ಣ ಮೊತ್ತದ ಮಾತಿಗೆ ನೆನಪಾಯಿತು, 2020ರ ಏಪ್ರಿಲ್‌ನಲ್ಲಿ ನಮ್ಮ ಗಾರ್ಮೆಂಟ್ಸ್ ಕೆಲಸಗಾರರ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಏರಬೇಕಿತ್ತು. ಸರ್ಕಾರ ಮುಂದೂಡಿತು, ಹೈಕೋರ್ಟ್ ಕೊಡಿ ಅಂದಿತು, ಆದರೂ ಎಷ್ಟೋ ಕಾರ್ಖಾನೆಗಳು ಕೊಡಲಿಲ್ಲ. ಕಾರ್ಮಿಕ ಸಂಘಗಳು ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡ್‌ಗಳ ತನಕ ವಿಷಯ ಒಯ್ದ ಮೇಲೆ 2022ರಲ್ಲಿ ಆ ಬಾಕಿ ಬರಲು ಶುರುವಾಯಿತು. ಒಬ್ಬರಿಗೆ 417, ಲಕ್ಷಗಟ್ಟಲೆ ಜನರಿಗೆ ಎಷ್ಟು ಅಂತ ನೀವೇ ಗುಣಿಸಿ.

ಆದರೆ ಒಂದು ಎಚ್ಚರ. ಸಿಟ್ಟಿನಲ್ಲಿ ಹತ್ತು ಜನ ಸೇರಿ ನೋಟಿಸ್ ಇಲ್ಲದೆ, ಸರಿಯಾದ ಕಾರಣ ಇಲ್ಲದೆ ದಿಢೀರ್ ಅಂತ ಮೆಷಿನ್ ಬಿಟ್ಟು ಎದ್ದರೆ, ಒಪ್ಪಂದದಲ್ಲಿ ಇದ್ದರೆ ಎಂಟು ದಿನದವರೆಗಿನ ಸಂಬಳ ಕಡಿಯಲು ಅದೇ ಕಾನೂನು ಅವಕಾಶ ಕೊಡುತ್ತದೆ. ಸಂಬಳದ ಚೀಟಿಗಳನ್ನು ಜೋಡಿಸಿ, ಸಂಘದ ಮೂಲಕ ಅರ್ಜಿ ಹಾಕಿ.

ಪ್ರಶ್ನೆ: ಐಟಿ ಕಂಪನಿ ಬಿಟ್ಟು ಎರಡು ತಿಂಗಳಾಯಿತು, ಬಾಕಿ ಸಂಬಳ ಬಂದಿಲ್ಲ. ಸಂಬಳ 38,000. ಕಾರ್ಮಿಕ ಕಾನೂನು ನಿಮಗೆ ಬರಲ್ಲ ಅಂತ ಎಚ್‌ಆರ್ ಹೇಳುತ್ತಾರೆ. (ಬೆಂಗಳೂರು)

ಉತ್ತರ: ಹಳೆಯ ಪಾಠ ಒಪ್ಪಿಸುತ್ತಿದ್ದಾರೆ. ಹಿಂದೆ ತಿಂಗಳಿಗೆ 24,000 ಅನ್ನುವ ಮಿತಿ ಇತ್ತು, ವೇತನ ಸಂಹಿತೆಯಲ್ಲಿ ಅದಿಲ್ಲ. ಮ್ಯಾನೇಜರ್ ಆದರೂ ಬರುತ್ತದೆ. ರಾಜೀನಾಮೆ ಕೊಟ್ಟವರ ಸಂಬಳ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಆಗಬೇಕು. ನೋಟಿಸ್ ಅವಧಿ ಪೂರ್ತಿ ಮಾಡದೆ ಬಿಟ್ಟಿದ್ದರೆ ಮಾತ್ರ ಆ ಲೆಕ್ಕ ಅವರು ಎತ್ತುತ್ತಾರೆ, ಉತ್ತರ ಸಿದ್ಧ ಇಟ್ಟುಕೊಳ್ಳಿ.

ಪ್ರಶ್ನೆ: ತಮ್ಮನಿಗೆ ದುಬೈನಲ್ಲಿ ಮೂರು ತಿಂಗಳಿಂದ ಸಂಬಳ ಇಲ್ಲ. ಟಿಕೆಟ್ ಕೊಡ್ತೀವಿ, ಊರಿಗೆ ಹೋಗು, ದುಡ್ಡು ಹಿಂದಿನಿಂದ ಕಳಿಸ್ತೀವಿ ಅಂತಿದ್ದಾರಂತೆ. (ಕುಂದಾಪುರ)

ಉತ್ತರ: ದೂರು ಕೊಡದೆ ವಿಮಾನ ಹತ್ತಬಾರದು ಅಂತ ಈಗಲೇ ಹೇಳಿ. ಅಲ್ಲಿ ಸಂಬಳ ಬ್ಯಾಂಕ್ ಮೂಲಕವೇ ಹೋಗಬೇಕು ಅನ್ನುವ ವ್ಯವಸ್ಥೆ 2009ರಿಂದ ಇದೆ, ಹಾಗಾಗಿ ಕೊಟ್ಟಿಲ್ಲ ಅನ್ನುವುದು ದಾಖಲೆಯಲ್ಲೇ ಕಾಣುತ್ತದೆ. ಅಲ್ಲಿನ ಕಾರ್ಮಿಕ ಸಚಿವಾಲಯದ 80084ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. 50,000 ದಿರ್ಹಮ್‌ವರೆಗಿನ ತಗಾದೆಯನ್ನು 2024ರಿಂದ ಸಚಿವಾಲಯವೇ ತೀರ್ಮಾನಿಸುತ್ತದೆ. ಭಾಷೆ ಕಷ್ಟವಾದರೆ ನಮ್ಮ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ದುಬೈನಲ್ಲೇ ಇದೆ, ಅಲ್ಲಿಂದ ಉಚಿತ ಕರೆ 80046342. ಬರಲೇಬೇಕಾದರೆ ನಂಬುವ ಒಬ್ಬರ ಹೆಸರಿಗೆ ಅಧಿಕಾರ ಪತ್ರ ಮಾಡಿ, ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಬರಲಿ. ಮತ್ತೆ, ಹೊರಡುವ ದಿನ ಟಿಕೆಟ್ ಜೊತೆ ಅರಬ್ಬಿಯಲ್ಲಿ ಬರೆದ ಒಂದು ಕಾಗದ ಮುಂದಿಟ್ಟು ಇಲ್ಲೊಂದು ಸಹಿ ಹಾಕು ಅಂದರೆ, ಓದಿಸಿಕೊಳ್ಳದೆ ಹಾಕಬೇಡ ಅನ್ನಿ. ‘ಎಲ್ಲ ಬಾಕಿ ಬಂದಿದೆ’ ಅಂತ ಅದರಲ್ಲಿ ಬರೆದಿರಬಹುದು.